ಮೈ ಬದಲಾಗುವ ಮುಂಚೆ ಒಂದು ಪುಸ್ತಕ: ಮಲೆನಾಡಿನ ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

9ರಿಂದ 13 ವರ್ಷದೊಳಗಿನ ಮಕ್ಕಳಿಗೆ ಲೈಂಗಿಕ ಶಿಕ್ಷಣದ ಪುಸ್ತಕ ಆರಿಸುವುದು ಹೇಗೆ? ಹಳ್ಳಿ ಗ್ರಂಥಾಲಯದ ಮೇಜಿನ ಹಿಂದೆ ಕೂತವಳಿಗೆ ಈ ಪ್ರಶ್ನೆ ನೇರವಾಗಿ ಬರುವುದು ಕಡಿಮೆ. ಪೇಪರ್ ತಿರುವಿ ಹಾಕಿ, ಮಗಳ ಪರೀಕ್ಷೆಯ ಮಾತಾಡಿ, ಹೊರಡುವ ಹೊತ್ತಿಗೆ ಮೆಲ್ಲಗೆ "ಮತ್ತೆ, ಆ ಥರದ್ದು ಏನಾದ್ರೂ ಪುಸ್ತಕ ಇದ್ಯಾ?" ಎನ್ನುತ್ತಾರೆ. ಹಾಗೆ ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ನಾನು ಡಾಕ್ಟರಲ್ಲ. ಪುಸ್ತಕಗಳ ನಡುವೆ ಇರುವವಳು, ಅಷ್ಟೇ.

ಯಾವ ವಯಸ್ಸಿಗೆ ಕೊಡಬೇಕು?

ನೀವು ಅಂದುಕೊಂಡಿದ್ದಕ್ಕಿಂತ ಒಂದೆರಡು ವರ್ಷ ಮುಂಚೆ. ಹೆಣ್ಣುಮಕ್ಕಳಿಗೆ 8ರಿಂದ 13 ವರ್ಷದ ನಡುವೆ, ಗಂಡುಮಕ್ಕಳಿಗೆ 9ರಿಂದ 14ರ ನಡುವೆ ಮೈ ಬದಲಾಗಲು ಶುರುವಾಗುತ್ತದೆ. ಹುಡುಗಿಯರಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ಎದೆಯ ಬೆಳವಣಿಗೆ. ಅದೂ ಎಷ್ಟೋ ಸಲ ಒಂದೇ ಬದಿಯಲ್ಲಿ ಮೊದಲು ಗಂಟಿನಂತೆ ಸಿಕ್ಕಿ, ಮುಟ್ಟಿದರೆ ನೋಯುತ್ತದೆ. ಅಮ್ಮಂದಿರು ಗಾಬರಿಯಾಗಿ ಆಸ್ಪತ್ರೆಗೆ ಓಡುವುದು ಆಗಲೇ. ಅಲ್ಲಿಂದ ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು ಬರುತ್ತದೆ. ಅಂದರೆ ಆ ಗಂಟು ಕಂಡ ದಿನಕ್ಕೆ ಪುಸ್ತಕ ಮನೆಯಲ್ಲಿ ಇರಲೇಬೇಕು.

ನಮ್ಮ ಕಡೆ ಇನ್ನೊಂದು ಲೆಕ್ಕವೂ ಇದೆ. ಐದನೇ ಕ್ಲಾಸು ಮುಗಿಯುತ್ತಿದ್ದಂತೆ ಎಷ್ಟೋ ಮಕ್ಕಳು ಮನೆ ಬಿಡುತ್ತವೆ. ಮೊರಾರ್ಜಿ ದೇಸಾಯಿ ವಸತಿ ಶಾಲೆ, ಗಾಜನೂರಿನ ನವೋದಯ, ಇಲ್ಲವಾದರೆ ಪೇಟೆಯಲ್ಲಿ ಚಿಕ್ಕಪ್ಪನ ಮನೆ. ಆರನೇ ಕ್ಲಾಸಿನ ಹುಡುಗಿಗೆ ಹಾಸ್ಟೆಲ್ಲಿನ ಬಚ್ಚಲಲ್ಲಿ ಮೊದಲ ಸಲ ರಕ್ತ ಕಂಡರೆ ಪಕ್ಕದಲ್ಲಿ ಅಮ್ಮ ಇರುವುದಿಲ್ಲ. ಆರನೇ ಕ್ಲಾಸಿನ ಹುಡುಗನಿಗೆ ಹತ್ತನೇ ಕ್ಲಾಸಿನ ಹುಡುಗರು ಏನೇನು ಹೇಳುತ್ತಾರೋ ದೇವರಿಗೇ ಗೊತ್ತು. ಪ್ರವೇಶ ಪರೀಕ್ಷೆಯ ಗೈಡ್ ತರಲು ಶಿವಮೊಗ್ಗಕ್ಕೆ ಹೋಗುತ್ತೀರಲ್ಲ, ಅವತ್ತೇ ಈ ಪುಸ್ತಕವನ್ನೂ ತನ್ನಿ.

ಇಷ್ಟು ಬೇಗ ಹೇಳಿದರೆ ಮಕ್ಕಳು ಹಾಳಾಗಲ್ವಾ?

ಇಲ್ಲ. ಯುನೆಸ್ಕೊ 2018ರಲ್ಲಿ ತಿದ್ದಿ ಹೊರತಂದ ಮಾರ್ಗಸೂಚಿಗಾಗಿ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದ್ದರು. ಲೈಂಗಿಕ ಶಿಕ್ಷಣ ಸಿಕ್ಕ ಮಕ್ಕಳು ಅದರಿಂದಾಗಿ ಬೇಗ ಲೈಂಗಿಕ ಸಂಪರ್ಕಕ್ಕೆ ಇಳಿಯುವುದಿಲ್ಲ ಎಂಬುದೇ ಅಲ್ಲಿ ಕಂಡದ್ದು. ತಡವಾಗಿ ಶುರು ಮಾಡುವವರೇ ಇದ್ದಾರೆ, ಎಚ್ಚರವೂ ಜಾಸ್ತಿ.

ಅದು ಬಿಡಿ, ನಮ್ಮ ಮಕ್ಕಳಿಗೆ ಏನೂ ಗೊತ್ತಿಲ್ಲ ಅಂತ ಅಂದುಕೊಳ್ಳುವುದೇ ತಮಾಷೆ. ಕೊಟ್ಟಿಗೆಯಲ್ಲಿ ಹಸು ಬೆದೆಗೆ ಬಂದದ್ದು, ಪಶು ಆಸ್ಪತ್ರೆಯವರು ಬಂದು ಗರ್ಭ ಕಟ್ಟಿಸುವ ಇಂಜೆಕ್ಷನ್ ಮಾಡಿ ಹೋದದ್ದು, ನಡುರಾತ್ರಿ ಲಾಟೀನು ಹಿಡಿದು ಕರು ಎಳೆದದ್ದು ಎಲ್ಲವನ್ನೂ ಅವು ನೋಡಿರುತ್ತವೆ. ಹೊಸನಗರ ಕಡೆಯ ಒಬ್ಬ ಹುಡುಗ ಅಮ್ಮನನ್ನು ಕೇಳಿದ್ದನಂತೆ: "ನಾನು ಹುಟ್ಟೋ ಮುಂಚೆ ನಿಂಗೂ ಡಾಕ್ಟರ್ ಬಂದು ಇಂಜೆಕ್ಷನ್ ಹಾಕಿದ್ರಾ?" ಅಮ್ಮ ಬೈದು ಕಳಿಸಿದರು. ಅವನು ಕೇಳಿದ್ದರಲ್ಲಿ ತಪ್ಪೇನಿತ್ತು? ಕಂಡದ್ದನ್ನು ಕಂಡ ಹಾಗೆ ಜೋಡಿಸಿದ್ದ. ಹೂವಿಗೆ ದುಂಬಿ ಬಂತು ಎನ್ನುವಲ್ಲಿಗೇ ಮುಗಿಸುವ ಪುಸ್ತಕ ಇಂಥ ಮಕ್ಕಳಿಗೆ ಯಾವ ಮೂಲೆಗೂ ಸಾಲದು.

ಶಾಲೆಯಲ್ಲೇ ಹೇಳಿಕೊಡ್ತಾರಲ್ಲ, ಮನೆಯಲ್ಲಿ ಬೇರೆ ಯಾಕೆ?

ಪಾಠ ಇದೆ, ಆದರೆ ತಡವಾಗಿ ಬರುತ್ತದೆ. ಎಂಟನೇ ತರಗತಿಯ ವಿಜ್ಞಾನದಲ್ಲಿ ಹದಿಹರೆಯದ ಬದಲಾವಣೆಗಳ ಅಧ್ಯಾಯ, ಹತ್ತರಲ್ಲಿ ಸಂತಾನೋತ್ಪತ್ತಿ. ಎಂಟನೇ ಕ್ಲಾಸಿಗೆ ಬರುವಷ್ಟರಲ್ಲಿ ಕ್ಲಾಸಿನ ಎಷ್ಟೋ ಹುಡುಗಿಯರಿಗೆ ಮುಟ್ಟು ಶುರುವಾಗಿರುತ್ತದೆ. 2007ರಲ್ಲಿ ಕೇಂದ್ರದ ಹದಿಹರೆಯ ಶಿಕ್ಷಣ ಕಾರ್ಯಕ್ರಮದ ಬಗ್ಗೆ ಗಲಾಟೆ ಎದ್ದು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ನಿಲ್ಲಿಸಿದ್ದವು. ಆ ಅಳುಕು ಇನ್ನೂ ಪೂರ್ತಿ ಹೋಗಿಲ್ಲ. "ಇದನ್ನು ಮನೆಯಲ್ಲೇ ಓದಿಕೊಳ್ಳಿ" ಎಂದು ಪುಟ ಮಗುಚುವ ಮೇಷ್ಟ್ರುಗಳು ಈಗಲೂ ಇದ್ದಾರೆ. ಧೈರ್ಯವಾಗಿ ಪಾಠ ಮಾಡುವವರೂ ಇದ್ದಾರೆ, ಅವರಿಗೆ ನಮಸ್ಕಾರ.

ಅಂಗಡಿಯಲ್ಲಿ ನಿಂತು ಪೂರ್ತಿ ಓದೋಕೆ ಆಗಲ್ಲ. ಒಳ್ಳೆಯದೋ ಕೆಟ್ಟದೋ ಹೇಗೆ ಗೊತ್ತಾಗುತ್ತೆ?

ಮುನ್ನುಡಿ ಓದಬೇಡಿ. ಬೆನ್ನುಡಿಯನ್ನಂತೂ ಬೇಡವೇ ಬೇಡ. ಮೂರು ಪುಟ ಹುಡುಕಿ: ಮುಟ್ಟಿನ ಪುಟ, ಹಸ್ತಮೈಥುನದ ಪುಟ, ಗುರುತಿನವರೇ ತಪ್ಪಾಗಿ ಮುಟ್ಟಿದರೆ ಏನು ಮಾಡಬೇಕು ಎಂಬ ಪುಟ. ಈ ಮೂರರಲ್ಲಿ ಸುಳ್ಳು, ಹೆದರಿಕೆ, ಜಾರಿಕೆ ಇಲ್ಲದಿದ್ದರೆ ಉಳಿದದ್ದು ಬಹುಪಾಲು ಸರಿಯಿರುತ್ತದೆ.

ಮುಟ್ಟಿನ ಪುಟದಲ್ಲಿ "ಕೆಟ್ಟ ರಕ್ತ ಹೊರಗೆ ಹೋಗುತ್ತದೆ" ಎಂದಿದ್ದರೆ ಅಲ್ಲೇ ಮುಚ್ಚಿಡಿ. ಗರ್ಭಕೋಶದ ಒಳಪದರ ತಿಂಗಳಿಗೊಮ್ಮೆ ದಪ್ಪವಾಗಿ, ಗರ್ಭ ನಿಲ್ಲದಿದ್ದಾಗ ಕಳಚಿ ಬರುತ್ತದೆ ಎಂದು ಸರಳವಾಗಿ ಹೇಳಿರಬೇಕು. ಲೆಕ್ಕವೂ ಇರಬೇಕು. ಸ್ರಾವ 2ರಿಂದ 7 ದಿನ. ಹೊಸದರಲ್ಲಿ ಒಂದು ಮುಟ್ಟಿನಿಂದ ಇನ್ನೊಂದಕ್ಕೆ 21ರಿಂದ 45 ದಿನ ಆಗಬಹುದು. ಮೊದಲ ಎರಡು ಮೂರು ವರ್ಷ ಹಿಂದೆ ಮುಂದೆ ಆಗುವುದು ಸಾಮಾನ್ಯ. ಹೋಗುವ ರಕ್ತ ಹೆಚ್ಚಿನವರಿಗೆ 30-40 ಮಿ.ಲೀ., ಅಂದರೆ ಆರರಿಂದ ಎಂಟು ಟೀ ಚಮಚ. ನೋಡಲು ಜಾಸ್ತಿ ಕಾಣುತ್ತದೆ, ಅಷ್ಟೇ. ಈ ಒಂದು ಅಂಕಿ ಗೊತ್ತಿದ್ದರೆ "ಮೈಯಲ್ಲಿರೋ ರಕ್ತ ಎಲ್ಲ ಹೋಗಿಬಿಡುತ್ತೆ" ಎಂದು ಅಳುವ ಹುಡುಗಿಯರು ಎಷ್ಟೋ ಕಡಿಮೆಯಾಗುತ್ತಾರೆ.

ಹಸ್ತಮೈಥುನದ ಪುಟ ಲೇಖಕರ ನಿಜವಾದ ಪರೀಕ್ಷೆ. ನರ ದೌರ್ಬಲ್ಯ, ನೆನಪಿನ ಶಕ್ತಿ ಹೋಗುತ್ತದೆ, ಮುಂದೆ ಮಕ್ಕಳಾಗುವುದಿಲ್ಲ ಎಂದೆಲ್ಲ ಬರೆದಿದ್ದರೆ ಆ ಪುಸ್ತಕಕ್ಕೂ ಬಸ್ ಸ್ಟ್ಯಾಂಡ್ ಗೋಡೆಯ "ಗುಪ್ತ ರೋಗ" ಚೀಟಿಗೂ ವ್ಯತ್ಯಾಸ ಇಲ್ಲ. ಮೈಗೆ ಇದರಿಂದ ಹಾನಿ ಇಲ್ಲ, ಇದು ಖಾಸಗಿ ವಿಷಯ ಎಂದು ಎರಡು ಸಾಲಿನಲ್ಲಿ ಹೇಳಿ ಮುಗಿಸಿದರೆ ಸಾಕು. ಎಷ್ಟೋ ಪುಸ್ತಕಗಳು ಇದನ್ನು ಬಿಟ್ಟೇಬಿಡುತ್ತವೆ. ಹೆದರಿಸುವ ಪುಸ್ತಕಕ್ಕಿಂತ ಬಿಟ್ಟ ಪುಸ್ತಕ ವಾಸಿ, ಆದರೆ ಆ ಜಾಗವನ್ನು ಆಮೇಲೆ ನೀವೇ ತುಂಬಬೇಕಾಗುತ್ತದೆ.

ಮೂರನೆಯದರ ಬಗ್ಗೆ ಕೆಳಗೆ ಬೇರೆಯಾಗಿ ಬರೆದಿದ್ದೇನೆ.

ಸಮಯ ಇದ್ದರೆ ಇನ್ನೊಂದು ಸಾಲು ಹುಡುಕಿ. ಹುಟ್ಟುವ ಮಗು ಹೆಣ್ಣೋ ಗಂಡೋ ಎಂದು ತೀರ್ಮಾನವಾಗುವುದು ತಂದೆಯಿಂದ ಬರುವ ಎಕ್ಸ್ ಅಥವಾ ವೈ ವರ್ಣತಂತುವಿನಿಂದ. ಇದನ್ನು ಸ್ಪಷ್ಟವಾಗಿ ಬರೆದ ಪುಸ್ತಕ ಮಕ್ಕಳಿಗಿಂತ ಮನೆಯ ಹಿರಿಯರಿಗೆ ಜಾಸ್ತಿ ಉಪಯೋಗ.

ಕನ್ನಡದ್ದು ತಗೊಳ್ಳೋದಾ, ಇಂಗ್ಲಿಷಿನದ್ದಾ?

ಮಗು ಯಾವ ಭಾಷೆಯಲ್ಲಿ ಪ್ರಶ್ನೆ ಕೇಳುತ್ತದೋ ಆ ಭಾಷೆಯದ್ದು. ಇಂಗ್ಲಿಷ್ ಮೀಡಿಯಂ ಹುಡುಗಿ ಪರೀಕ್ಷೆಗೆ ಇಂಗ್ಲಿಷಿನಲ್ಲಿ ಚೆನ್ನಾಗಿ ಬರೆಯಬಹುದು. ಹೊಟ್ಟೆನೋವು ಬಂದಾಗ "ಅಮ್ಮಾ, ಹೊಟ್ಟೆ ನೋವು" ಅಂತಲೇ ಬರುತ್ತಾಳಲ್ವಾ?

ಇಂಗ್ಲಿಷಿನಲ್ಲಿ ಆಯ್ಕೆ ಹೆಚ್ಚು, ಚಿತ್ರ ಚೆನ್ನಾಗಿರುತ್ತವೆ. ಆದರೆ ಬೇರೆ ದೇಶದಲ್ಲಿ ಬರೆದದ್ದಾದರೆ ಎಲ್ಲ ಮಕ್ಕಳಿಗೂ ಬೇರೆ ರೂಮು, ಚಿಲಕ ಹಾಕಿದ ಬಾಗಿಲು ಇರುತ್ತದೆ. ನಮ್ಮಲ್ಲಿ ಮಗು ಅಜ್ಜಿ ಪಕ್ಕ ಮಲಗುತ್ತದೆ, ಬಚ್ಚಲಿಗೆ ಹೋಗಲು ಹಿತ್ತಿಲು ದಾಟಬೇಕು. ಕನ್ನಡದ ಪುಸ್ತಕಗಳಲ್ಲಿ ತೊಂದರೆ ಬೇರೆ. ಕೆಲವನ್ನು ಓದಿದರೆ ಮೆಡಿಕಲ್ ಕಾಲೇಜಿನ ಪಠ್ಯ ಓದಿದ ಹಾಗಾಗುತ್ತದೆ. ಒಂದು ಪ್ಯಾರಾ ಗಟ್ಟಿಯಾಗಿ ಓದಿ ನೋಡಿ. ನಿಮಗೇ ಎರಡು ಸಲ ಓದಬೇಕಾದರೆ ಮಗು ಓದುವುದಿಲ್ಲ, ಚಿತ್ರ ನೋಡಿ ಮುಚ್ಚಿಡುತ್ತದೆ.

ಹಾಗಂತ ಅಂಗಗಳ ಹೆಸರನ್ನೇ ಹೇಳದ ಪುಸ್ತಕವೂ ಬೇಡ. ಶಿಶ್ನ, ವೃಷಣ, ಯೋನಿ, ಗರ್ಭಕೋಶ ಎಂದು ಬರೆದಿರಲಿ. ಡಾಕ್ಟರ ಮುಂದೆ, ಅಗತ್ಯ ಬಿದ್ದರೆ ಪೊಲೀಸರ ಮುಂದೆ, "ಅಲ್ಲಿ" ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ಹುಡುಗರಿಗೆ ಒಂದು, ಹುಡುಗಿಯರಿಗೆ ಒಂದು ಬೇಕಾ?

ಎರಡೂ ಇರುವ ಒಂದೇ ಪುಸ್ತಕ ಒಳ್ಳೆಯದು. ಹುಡುಗರು ಮುಟ್ಟಿನ ಪುಟ ಓದಲೇಬೇಕು. ಓದದ ಹುಡುಗನೇ ಕ್ಲಾಸಿನಲ್ಲಿ ಕಲೆಯಾದ ಯೂನಿಫಾರಂ ನೋಡಿ ನಗುವವನು. ಬೇರೆ ಬೇರೆ ಪುಸ್ತಕವೇ ಸಿಕ್ಕರೆ ಅಣ್ಣ-ತಂಗಿ ಅದಲು ಬದಲು ಮಾಡಿಕೊಂಡು ಓದಲಿ. ಹೇಗೂ ಕದ್ದು ಓದುತ್ತಾರೆ.

ಗಂಡುಮಕ್ಕಳಿಗೆ ಹೇಳೋಕೆ ಅಷ್ಟೇನಿದೆ?

ಈ ಪ್ರಶ್ನೆ ಕೇಳುವವರು ಹೆಚ್ಚಾಗಿ ಅಪ್ಪಂದಿರು. ಬಹಳ ಇದೆ ಸ್ವಾಮಿ.

ಹುಡುಗರಲ್ಲಿ ಮೊದಲು ದೊಡ್ಡದಾಗುವುದು ವೃಷಣ. ಗಂಟಲು ಒಡೆಯುವುದು, ಮೀಸೆ ಚಿಗುರುವುದು ಎಲ್ಲ ಆಮೇಲೆ. ನಡುವೆ ಸುಮಾರು ಅರ್ಧದಷ್ಟು ಹುಡುಗರಿಗೆ ಎದೆ ಸ್ವಲ್ಪ ಊದಿಕೊಳ್ಳುತ್ತದೆ. ಹಾರ್ಮೋನಿನ ಏರುಪೇರಿನಿಂದ ಆಗುವುದು, ಸಾಮಾನ್ಯವಾಗಿ ಆರು ತಿಂಗಳಿಂದ ಎರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ಇದನ್ನು ಯಾರೂ ಹೇಳದೆ ಎಷ್ಟು ಹುಡುಗರು ಹೊಳೆಯಲ್ಲಿ ಅಂಗಿ ಬಿಚ್ಚಿ ಈಜುವುದನ್ನೇ ಬಿಟ್ಟಿದ್ದಾರೋ! ಈ ಒಂದು ವಿಷಯ ಪುಸ್ತಕದಲ್ಲಿ ಇದೆಯಾ ನೋಡಿ. ಇದ್ದರೆ ಬರೆದವರಿಗೆ ನಿಜವಾದ ಹುಡುಗರ ಪರಿಚಯ ಇದೆ ಎಂದರ್ಥ.

ನಿದ್ದೆಯಲ್ಲಿ ವೀರ್ಯ ಹೋಗುವುದು ರೋಗ ಅಲ್ಲ ಎಂದೂ ಬರೆದಿರಬೇಕು. ವೀರ್ಯ ಹೋದರೆ ಶಕ್ತಿ ಹೋಯಿತು, ಇಷ್ಟು ಹನಿ ರಕ್ತ ಸೇರಿ ಒಂದು ಹನಿ ವೀರ್ಯ ಎಂಬ ಲೆಕ್ಕ ನಮ್ಮಲ್ಲಿ ಬೇರು ಬಿಟ್ಟಿದೆ. ಈ ಹೆದರಿಕೆಯಿಂದಲೇ ಸುಸ್ತು, ನಿದ್ದೆಗೆಡುವುದು, ಚಿಂತೆ ಹಚ್ಚಿಕೊಳ್ಳುವುದನ್ನು ಮನೋವೈದ್ಯರು ಗುರುತಿಸಿ ಅದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ: ಧಾತ್ ಸಿಂಡ್ರೋಮ್. ಡಾ. ಎನ್.ಎನ್. ವಿಗ್ ಹೀಗೆ ಕರೆದದ್ದು 1960ರಲ್ಲಿ. ವೀರ್ಯ ರಕ್ತದಿಂದ ಬಟ್ಟಿ ಇಳಿಸಿದ್ದಲ್ಲ. ಅದರ ಬಹುಭಾಗ ಕೆಲವು ಗ್ರಂಥಿಗಳ ದ್ರವ. ದೇಹ ಅದನ್ನು ಮತ್ತೆ ಮತ್ತೆ ತಯಾರಿಸಿಕೊಳ್ಳುತ್ತದೆ.

ಇನ್ನೊಂದು, ಎಲ್ಲಕ್ಕಿಂತ ತುರ್ತಿನದು. ವೃಷಣ ಒಳಗೇ ತಿರುಚಿಕೊಂಡರೆ ಒಂದು ಬದಿಯಲ್ಲಿ ಇದ್ದಕ್ಕಿದ್ದಂತೆ ಜೋರು ನೋವು ಬರುತ್ತದೆ, ವಾಂತಿಯೂ ಆಗಬಹುದು. ರಕ್ತ ಸಂಚಾರ ನಿಂತಿರುತ್ತದೆ. ಆರು ಗಂಟೆಯೊಳಗೆ ಆಪರೇಷನ್ ಆದರೆ ವೃಷಣ ಉಳಿಯುವ ಸಾಧ್ಯತೆ ಹೆಚ್ಚು, ಆಮೇಲೆ ಬೇಗ ಬೇಗ ಕಡಿಮೆಯಾಗುತ್ತದೆ. ಹದಿಹರೆಯದಲ್ಲೇ ಇದು ಜಾಸ್ತಿ. ನಾಚಿಕೆಪಟ್ಟು ರಾತ್ರಿಯಿಡೀ ಹಲ್ಲು ಕಚ್ಚಿ ಮಲಗಿ, ಬೆಳಿಗ್ಗೆ "ಹೊಟ್ಟೆ ನೋವು" ಎಂದರೆ ಮುಗಿಯಿತು. ಒಳಗಿನ ಹಳ್ಳಿಗಳಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬರಲು ಗಾಡಿ ಸಿಕ್ಕಿದ ಮೇಲೂ ಎರಡು ಗಂಟೆ ಬೇಕು. ಪುಸ್ತಕದಲ್ಲಿ ಇದು ಇಲ್ಲದಿದ್ದರೆ ಪೆನ್ನಿನಲ್ಲಿ ನೀವೇ ಬರೆದುಕೊಡಿ: ವೃಷಣದಲ್ಲಿ ನೋವು ಬಂದರೆ ನಡುರಾತ್ರಿಯಾದರೂ ಎಬ್ಬಿಸು.

ಪುಸ್ತಕ "ಮುಟ್ಟಾದಾಗ ಎಲ್ಲ ಕಡೆ ಓಡಾಡಬಹುದು" ಅನ್ನುತ್ತೆ. ನಮ್ಮನೆಯಲ್ಲಿ ಮೂರು ದಿನ ಹೊರಗೆ ಕೂರಬೇಕು. ಏನು ಮಾಡೋದು?

ಕಷ್ಟದ ಪ್ರಶ್ನೆ, ಯಾಕೆಂದರೆ ಇಲ್ಲಿ ಮಗುವಿನ ಜೊತೆ ಅಲ್ಲ, ಅತ್ತೆಯವರ ಜೊತೆ ಮಾತಾಡಬೇಕು. ಪುಸ್ತಕ ಕೊಡುವ ಮುಂಚೆ ನೀವೇ ಒಂದು ನಿಲುವಿಗೆ ಬನ್ನಿ. ಪುಸ್ತಕ ಒಂದು ಹೇಳಿ ಮನೆ ಇನ್ನೊಂದು ಹೇಳಿದರೆ ಮಗು ಎರಡನ್ನೂ ನಂಬುವುದಿಲ್ಲ.

ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಅಜ್ಜಿಯನ್ನು ಮೂರ್ಖಳಂತೆ ತೋರಿಸುವ ಪುಸ್ತಕ ಬೇಡ. ಅಜ್ಜಿಯ ಕಾಲದಲ್ಲಿ ಪ್ಯಾಡ್ ಇರಲಿಲ್ಲ, ಹೊಳೆಯಿಂದ ನೀರು ಹೊರಬೇಕಿತ್ತು, ಆ ಮೂರು ದಿನ ಸಿಕ್ಕ ವಿರಾಮವನ್ನು ಅವರು ಬೇರೆ ಥರ ನೆನೆಯುತ್ತಾರೆ. ಆದರೆ ಮುಟ್ಟು ಅಶುದ್ಧ, ಗಿಡ ಮುಟ್ಟಿದರೆ ಬಾಡುತ್ತದೆ, ಉಪ್ಪಿನಕಾಯಿ ಕೆಡುತ್ತದೆ ಎಂದು ವಿಜ್ಞಾನದ ವೇಷದಲ್ಲಿ ಸಮರ್ಥಿಸುವ ಪುಸ್ತಕ ಖಂಡಿತ ಬೇಡ. ದೇವರ ಕೋಣೆಯ ವಿಷಯ ಮನೆಯಲ್ಲಿ ನಿಧಾನಕ್ಕೆ ಮಾತಾಡಿಕೊಳ್ಳಿ. ಶಾಲೆ ತಪ್ಪಿಸುವುದು, ಥಂಡಿ ನೆಲದ ಮೇಲೆ ಒಂಟಿಯಾಗಿ ಮಲಗಿಸುವುದು ಮಾತ್ರ ಈ ತಿಂಗಳೇ ನಿಲ್ಲಲಿ.

ಬಟ್ಟೆ, ಪ್ಯಾಡ್, ಮುಟ್ಟಿನ ಕಪ್ ಇದರ ಬಗ್ಗೆ ಪುಸ್ತಕದಲ್ಲಿ ಇರಬೇಕಾ?

ಇರಬೇಕು, ಮೂರರ ಬಗ್ಗೆಯೂ. ಒಂದು ವಿಷಯ ಮಾತ್ರ ನಮ್ಮೂರಿನ ಕಣ್ಣಲ್ಲಿ ನೋಡಿ. "ಬಟ್ಟೆಯನ್ನು ಒಗೆದು ಬಿಸಿಲಲ್ಲಿ ಒಣಗಿಸಿ" ಎಂದು ಎಲ್ಲ ಪುಸ್ತಕಗಳೂ ಬರೆಯುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಜುಲೈನಲ್ಲಿ ಬಿಸಿಲು ತರುವುದು ಎಲ್ಲಿಂದ? ಯೂನಿಫಾರಮ್ಮೇ ಬಚ್ಚಲೊಲೆಯ ಮೇಲಿನ ಹಗ್ಗದಲ್ಲಿ ಹೊಗೆ ವಾಸನೆ ಹಿಡಿದು ಒಣಗುತ್ತಿರುತ್ತದೆ. ಈ ಬಟ್ಟೆಯನ್ನಂತೂ ನಾಚಿಕೆಗೆ ಬೇರೆ ಬಟ್ಟೆಯ ಅಡಿಯಲ್ಲಿ ಹಾಕುತ್ತಾರೆ, ಒಣಗುವುದೇ ಇಲ್ಲ. ಅರೆ ಒಣಗಿದ ಬಟ್ಟೆ ಬಳಸಿದರೆ ತುರಿಕೆ, ಸೋಂಕು. ಒಲೆಯ ಬಿಸಿಗೆ ಬಿಡಿಸಿ ಹಾಕಿ, ಆಮೇಲೆ ಇಸ್ತ್ರಿ ಮಾಡಿ. ಆಗದಿದ್ದರೆ ಮಳೆಗಾಲದ ಮಟ್ಟಿಗಾದರೂ ಪ್ಯಾಡ್ ತೆಗೆದುಕೊಡಿ. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ಉಚಿತ ಪ್ಯಾಡ್ ಕೊಡುವ ಶುಚಿ ಯೋಜನೆ ಇದೆ, ಶಾಲೆಯಲ್ಲಿ ವಿಚಾರಿಸಿ.

ಪ್ಯಾಡನ್ನು ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು ಎಂಬುದನ್ನು ಪುಸ್ತಕ ಹೇಳಿದೆಯಾ ನೋಡಿ. ಬೆಳಿಗ್ಗೆ ಏಳರ ಬಸ್ಸಿಗೆ ಹೊರಟು ಸಂಜೆ ಬರುವ ಹುಡುಗಿಗೆ ಇದು ಬರೀ ಮಾಹಿತಿಯಲ್ಲ, ಬ್ಯಾಗಿನಲ್ಲಿ ಇನ್ನೊಂದು ಪ್ಯಾಡ್ ಇರಬೇಕು ಎಂಬ ಲೆಕ್ಕ.

ಚಿತ್ರಗಳು ಇದ್ದರೆ ಅಸಹ್ಯ ಅಲ್ವಾ?

ಒಳಗಿನ ಅಂಗಗಳ ರೇಖಾಚಿತ್ರ, ಮೈ ಹೇಗೆ ಬೆಳೆಯುತ್ತದೆ ಎಂಬ ಚಿತ್ರ ಬೇಕೇ ಬೇಕು. ಕೆರಳಿಸಲೆಂದೇ ಬರೆದ ಚಿತ್ರ ಯಾವುದು ಅಂತ ಯಾರಿಗೂ ಹೇಳಿಕೊಡಬೇಕಾಗಿಲ್ಲ, ನೋಡಿದರೆ ಗೊತ್ತಾಗುತ್ತದೆ. ಚಿತ್ರದಲ್ಲಿರುವ ಮಕ್ಕಳು ನಮ್ಮ ಮಕ್ಕಳ ಹಾಗೆ ಇದ್ದಾರಾ, ಕಪ್ಪಗೆ, ತೆಳ್ಳಗೆ, ದಪ್ಪಗೆ, ಕನ್ನಡಕ ಹಾಕಿಕೊಂಡು? ನಾನು ಮೊದಲು ನೋಡುವುದು ಅದನ್ನೇ.

"ಒಳ್ಳೆ ಸ್ಪರ್ಶ, ಕೆಟ್ಟ ಸ್ಪರ್ಶ" ಹೇಳಿಕೊಟ್ಟಿದ್ದೇವೆ. ಸಾಲದಾ?

ಸಾಲದು. ಕೆಟ್ಟ ಸ್ಪರ್ಶ ಎಂದರೆ ನೋಯುವುದು ಎಂದು ಮಗು ತಿಳಿಯುತ್ತದೆ. ಎಷ್ಟೋ ಸಲ ಅದು ಮುದ್ದಿನ ಹಾಗೆಯೇ ಶುರುವಾಗುತ್ತದೆ, ಚಾಕಲೇಟಿನ ಜೊತೆ, ಆಟದ ಹೆಸರಲ್ಲಿ. ಮಾಡುವವರು ಬಹುಪಾಲು ಗುರುತಿನವರೇ. ಆದ್ದರಿಂದ "ಅಪರಿಚಿತರ ಜೊತೆ ಹೋಗಬೇಡ" ಎಂಬಲ್ಲಿಗೇ ನಿಲ್ಲುವ ಪುಸ್ತಕದಿಂದ ಅರ್ಧ ಕೆಲಸವೂ ಆಗುವುದಿಲ್ಲ. ಮಾವ, ಅಣ್ಣ, ಟ್ಯೂಷನ್ ಮೇಷ್ಟ್ರು, ಪೂಜೆಗೆ ಬರುವವರು, ತೋಟಕ್ಕೆ ಬರುವವರು, ಯಾರೇ ಆದರೂ ಸರಿ ಎಂದು ಬಾಯಿಬಿಟ್ಟು ಹೇಳಿರಬೇಕು. ಗುಟ್ಟಾಗಿಡು ಎಂದು ಯಾರಾದರೂ ಮುಟ್ಟಿದರೆ ಆ ಗುಟ್ಟನ್ನು ಇಟ್ಟುಕೊಳ್ಳಬೇಕಾಗಿಲ್ಲ. ಒಬ್ಬರು ನಂಬದಿದ್ದರೆ ಇನ್ನೊಬ್ಬರಿಗೆ ಹೇಳು, ನಂಬುವವರು ಸಿಗುವ ತನಕ ಹೇಳು. ತಪ್ಪು ನಿನ್ನದಲ್ಲ. ಈ ಮೂರು ಮಾತು ಪುಟದಲ್ಲಿ ಇರಲೇಬೇಕು.

ಗಂಡುಮಕ್ಕಳನ್ನು ಬಿಟ್ಟ ಪುಸ್ತಕವನ್ನು ವಾಪಸ್ ಇಡಿ. ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಾತಾಡಿಸಿದ ಮಕ್ಕಳಲ್ಲಿ ಶೇ 53ರಷ್ಟು ಮಂದಿ ಯಾವುದಾದರೂ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಗಂಡುಮಕ್ಕಳು.

ಮಕ್ಕಳ ಸಹಾಯವಾಣಿ 1098 ಪುಸ್ತಕದಲ್ಲಿ ಅಚ್ಚಾಗಿರಲಿ. ಹಗಲು ರಾತ್ರಿ ಕರೆ ಮಾಡಬಹುದು, ದುಡ್ಡು ಬೇಡ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲೆಂದೇ ಬಂದ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದ ಎಲ್ಲರೂ, ಹುಡುಗ ಹುಡುಗಿ ಇಬ್ಬರೂ, ಮಕ್ಕಳೇ. ವಿಷಯ ಗೊತ್ತಾದ ದೊಡ್ಡವರು ಪೊಲೀಸರಿಗೆ ತಿಳಿಸಲೇಬೇಕು. "ಮನೆ ಮರ್ಯಾದೆ" ಎಂದು ಮುಚ್ಚಿಟ್ಟರೆ ಅದೂ ಅಪರಾಧ.

ಮೊಬೈಲಲ್ಲಿ ಎಲ್ಲ ಸಿಗುತ್ತಲ್ಲ, ಪುಸ್ತಕ ಯಾಕೆ?

ಎಲ್ಲ ಸಿಗುತ್ತದೆ ಎಂಬುದೇ ತೊಂದರೆ. ಮಗು ಒಂದು ಪದ ಹುಡುಕಲು ಹೋಗಿ ನೋಡಬಾರದ್ದನ್ನು ನೋಡುತ್ತದೆ. ನಮ್ಮೂರಲ್ಲಿ ನೆಟ್‌ವರ್ಕ್ ಇಲ್ಲ ಅಂತ ಧೈರ್ಯವಾಗಿರಬೇಡಿ. ನೆಟ್‌ವರ್ಕ್ ಸಿಗುವ ಗುಡ್ಡ ಯಾವುದು ಎಂದು ನಿಮಗಿಂತ ಚೆನ್ನಾಗಿ ಮಕ್ಕಳಿಗೆ ಗೊತ್ತು. ಅಲ್ಲಿ ಕೂತು ಒಬ್ಬನ ಫೋನನ್ನು ಐದು ಜನ ನೋಡುತ್ತಾರೆ. ಅಂಥ ವಿಡಿಯೊಗಳು ನಟನೆ, ನಿಜ ಜೀವನ ಹಾಗಿರುವುದಿಲ್ಲ. ನಿನ್ನ ಫೋಟೊ ಯಾರೇ ಕೇಳಿದರೂ ಕಳಿಸಬೇಡ. ಕಳಿಸಿಬಿಟ್ಟು ಯಾರಾದರೂ ಹೆದರಿಸುತ್ತಿದ್ದರೆ ಬೈಯುವುದಿಲ್ಲ, ಬಂದು ಹೇಳು. ಹೊಸ ಪುಸ್ತಕ ಆದರೆ ಇಷ್ಟು ಇರಬೇಕು.

ಹುಡುಗ-ಹುಡುಗ, ಹುಡುಗಿ-ಹುಡುಗಿ ಪ್ರೀತಿಸುವ ವಿಷಯ ಈ ವಯಸ್ಸಿಗೆ ಬೇಕಾ?

ಒಂದೆರಡು ಪ್ಯಾರಾ ಸಾಕು. ಕೆಲವರಿಗೆ ತಮ್ಮದೇ ಲಿಂಗದವರ ಮೇಲೆ ಆಕರ್ಷಣೆ ಇರುತ್ತದೆ, ಅದು ರೋಗವೂ ಅಲ್ಲ, ಯಾರೂ ಕಲಿಸಿದ್ದೂ ಅಲ್ಲ. ದೊಡ್ಡವರಿಬ್ಬರು ಒಪ್ಪಿ ಇರುವ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಗೇಲಿ ಮಾಡುವ, "ಸರಿಪಡಿಸಬಹುದು" ಎನ್ನುವ ಪುಸ್ತಕ ಬೇಡ.

ಅಪ್ಪ-ಅಮ್ಮಂದಿರಿಗೂ ಬೇರೆ ಪುಸ್ತಕ ಬೇಕಾ?

ಬೇಕು. ಅಥವಾ ಮಕ್ಕಳ ಪುಸ್ತಕದಲ್ಲೇ ನಿಮಗಾಗಿ ಒಂದು ಭಾಗ ಇರಲಿ. ಮಗುವಿಗೆ ಬೇಕಾದದ್ದು ಧೈರ್ಯ, ನಿಮಗೆ ಬೇಕಾದದ್ದು ಯಾವಾಗ ಡಾಕ್ಟರ ಹತ್ತಿರ ಹೋಗಬೇಕು ಎಂಬ ಪಟ್ಟಿ. ಹುಡುಗಿಗೆ 8 ತುಂಬುವ ಮೊದಲೇ ಎದೆ ಬೆಳೆದರೆ, 13 ಆದರೂ ಬೆಳೆಯದಿದ್ದರೆ, 15 ಆದರೂ ಮುಟ್ಟಾಗದಿದ್ದರೆ ತೋರಿಸಿ. ಒಂದೆರಡು ಗಂಟೆಗೊಂದು ಪ್ಯಾಡ್ ತೊಯ್ದರೆ, ಏಳು ದಿನ ದಾಟಿದರೂ ನಿಲ್ಲದಿದ್ದರೆ ತಡ ಮಾಡಬೇಡಿ. ಹುಡುಗನಿಗೆ 9ಕ್ಕೆ ಮುಂಚೆ ಶುರುವಾದರೆ, 14 ಆದರೂ ಏನೂ ಕಾಣದಿದ್ದರೆ ತೋರಿಸಿ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಗೆ 9ರಿಂದ 14 ಒಳ್ಳೆಯ ವಯಸ್ಸು ಎಂಬುದೂ ಆ ಭಾಗದಲ್ಲಿರಲಿ.

ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗಾಗಿಯೇ ಸ್ನೇಹ ಕ್ಲಿನಿಕ್ ಇರುತ್ತದೆ. ಮಗು ನಿಮ್ಮ ಹತ್ತಿರ ಹೇಳಲಾರದ್ದನ್ನು ಅಲ್ಲಿ ಹೇಳಬಹುದು.

ಕೈಗೆ ಕೊಡೋದು ಹೇಗೆ? ನನಗೇ ಮುಖ ಕೆಂಪಾಗುತ್ತೆ.

ಮೊದಲು ನೀವು ಓದಿ, ಪೂರ್ತಿ. ಅಮ್ಮ ಓದಿ ಅಪ್ಪನಿಗೂ ಕೊಡಿ. "ಅದೆಲ್ಲ ನೀನೇ ನೋಡ್ಕೋ" ಎನ್ನುವ ಗಂಡಸರಿಗೆ ಹುಡುಗರ ಅಧ್ಯಾಯ ಓದಲು ಹೇಳಿ. ಎಷ್ಟೋ ಜನರಿಗೆ ಅದು ತಮಗೇ ಮೂವತ್ತು ವರ್ಷ ತಡವಾಗಿ ಸಿಕ್ಕ ಪುಸ್ತಕ.

ಎದುರು ಕೂರಿಸಿ ಭಾಷಣ ಮಾಡಬೇಡಿ. ಕೊನೆಕೊಯ್ಲಿನ ಕಾಲದಲ್ಲಿ ರಾತ್ರಿ ಅಡಿಕೆ ಸುಲಿಯಲು ಕೂತಾಗ ಮಾತು ತಾನಾಗಿ ಬರುತ್ತದೆ. ಕೈಗೆ ಕೆಲಸ ಇರುತ್ತದೆ, ಕಣ್ಣು ಮೆಟ್ಟುಗತ್ತಿಯ ಮೇಲಿರುತ್ತದೆ, ಯಾರ ಮುಖವನ್ನೂ ಯಾರೂ ನೋಡಬೇಕಾಗಿಲ್ಲ. ನೆಂಟರು, ಕೆಲಸದವರು ಇಲ್ಲದ ದಿನ ನೋಡಿಕೊಳ್ಳಿ, ಅಷ್ಟೇ. ಸ್ಕೂಟರಿನಲ್ಲಿ ಹಿಂದೆ ಕೂರಿಸಿಕೊಂಡು ಹೋಗುವಾಗಲೂ ಆಗುತ್ತದೆ.

ಪುಸ್ತಕವನ್ನು ಮಗುವಿನ ಬೇರೆ ಪುಸ್ತಕಗಳ ಜೊತೆ ಇಡಿ. ಬೀರುವಿನಲ್ಲಿ ಸೀರೆಗಳ ಅಡಿ ಇಟ್ಟರೆ ಇದು ಕದಿಯುವ ವಸ್ತು ಎಂದು ನೀವೇ ಹೇಳಿಕೊಟ್ಟ ಹಾಗೆ. ಗೊತ್ತಿಲ್ಲದ ಪ್ರಶ್ನೆ ಕೇಳಿದರೆ "ನಂಗೂ ಗೊತ್ತಿಲ್ಲ, ನೋಡಿ ಹೇಳ್ತೀನಿ" ಎನ್ನಿ, ಆಮೇಲೆ ನಿಜವಾಗಿಯೂ ನೋಡಿ ಹೇಳಿ.

ಬುದ್ಧಿ ಬೆಳವಣಿಗೆ ನಿಧಾನ ಇರುವ ಮಗುವಿಗೆ?

ಇನ್ನೂ ಹೆಚ್ಚು ಬೇಕು, ಇನ್ನೂ ಬೇಗ ಬೇಕು. ಮೈ ವಯಸ್ಸಿಗೆ ತಕ್ಕಂತೆಯೇ ಬೆಳೆಯುತ್ತದೆ. ಚಿತ್ರ ಜಾಸ್ತಿ ಇರುವ, ಒಂದು ಪುಟಕ್ಕೆ ಒಂದೇ ವಿಷಯ ಇರುವ ಪುಸ್ತಕ ಆರಿಸಿ. ಅದನ್ನೇ ಮತ್ತೆ ಮತ್ತೆ ಓದಿ ತೋರಿಸಿ, ಪ್ಯಾಡ್ ಹಾಕುವುದನ್ನು ಬಟ್ಟೆಯ ಮೇಲೆ ಮಾಡಿ ತೋರಿಸಿ.

ಇಲ್ಲಿ ಎಲ್ಲಿ ಸಿಗುತ್ತೆ? ಯಾವುದಾದ್ರೂ ಒಂದು ಹೆಸರು ಹೇಳಿಬಿಡಿ.

ಹೆಸರು ಹೇಳಿದರೆ ನೀವು ಮೂರು ಪುಟ ನೋಡುವುದಿಲ್ಲ, ಹಾಗಾಗಿ ಹೇಳುವುದಿಲ್ಲ. ಶಿವಮೊಗ್ಗದ ಪುಸ್ತಕದಂಗಡಿಗಳಲ್ಲಿ ಆರೋಗ್ಯದ ಕಪಾಟು, ಮಕ್ಕಳ ಕಪಾಟು ಎರಡನ್ನೂ ನೋಡಿ. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿರುತ್ತದೆ. ನವಕರ್ನಾಟಕದಂಥ ಪ್ರಕಾಶನಗಳು ಆರೋಗ್ಯದ ಪುಸ್ತಕ ತರುತ್ತಲೇ ಇರುತ್ತವೆ, ಅಂಚೆಯಲ್ಲಿ ತರಿಸಬಹುದು. ನಿಮ್ಮ ಪಂಚಾಯಿತಿಯ ಗ್ರಂಥಾಲಯ, ಈಗ ಅರಿವು ಕೇಂದ್ರ, ಅಲ್ಲಿ ಇಲ್ಲದಿದ್ದರೆ ಬೇಕು ಎಂದು ಕೇಳಿ. ಯಾರೂ ಕೇಳದ್ದನ್ನು ಯಾರೂ ತರಿಸುವುದಿಲ್ಲ.

ಮನೆಯಲ್ಲಿ ಅಮ್ಮನ ಕಾಲದ ಒಂದು ಪುಸ್ತಕ ಇದೆ. ಅದೇ ನಡೆಯುತ್ತಾ?

ಮೊದಲು ಅಚ್ಚಾದ ವರ್ಷ ನೋಡಿ. 2012ಕ್ಕಿಂತ ಹಿಂದಿನದಾದರೆ ಪೋಕ್ಸೊ ಇರುವುದಿಲ್ಲ, ಮೊಬೈಲಿನ ವಿಷಯವೂ ಇರುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಹೆಚ್ಚಿನವು ಮದುವೆಯಾದವರಿಗೆಂದೇ ಬರೆದವು. ತೀರ್ಥಹಳ್ಳಿಯಲ್ಲಿ ಹುಟ್ಟಿದ ಡಾ. ಅನುಪಮಾ ನಿರಂಜನ ಕನ್ನಡದ ಹೆಂಗಸರಿಗೆ ಬಸಿರು, ಬಾಣಂತನ, ದಾಂಪತ್ಯದ ವಿಷಯವನ್ನು ಮುಚ್ಚುಮರೆ ಇಲ್ಲದೆ ಬರೆದವರು. ನಿಮ್ಮ ಅಮ್ಮನ ಕಪಾಟಿನಲ್ಲಿ ಇರುವುದು ಅವರದ್ದೇ ಇರಬಹುದು. ಅದನ್ನು ನೀವು ಓದಿ, ಜೋಪಾನವಾಗಿ ಇಟ್ಟುಕೊಳ್ಳಿ. ಹತ್ತು ವರ್ಷದ ಮಗಳಿಗೆ ಮಾತ್ರ ಅವಳ ವಯಸ್ಸಿನದ್ದು, ಈಚೆಗೆ ಅಚ್ಚಾದದ್ದು ತನ್ನಿ.